ಕಲ್ಲಿದ್ದಲು ಪದರದಿಂದ ಅನಿಲ ಸೋರುವುದಿಲ್ಲವೇ?

ವಾತಾವರಣಕ್ಕೆ ಸೇರದಿರಲೆಂದು ನೆಲದಡಿಯ ಕಲ್ಲಿದ್ದಲು ಪದರಕ್ಕೆ ತುಂಬಿದ ಇಂಗಾಲದ ಡೈಆಕ್ಸೈಡ್ ಬಲೂನಿನ ಗಾಳಿಯಂತೆ ಸೋರಿಹೋಗುವುದಿಲ್ಲವೇ ಎಂದು ಕೇಳಿದ್ದೀರಿ. ಅದು ಬರಿಯ ಟೊಳ್ಳಿನಲ್ಲಿ ತುಂಬಿಕೊಂಡಿರುವುದಿಲ್ಲ. ಕಲ್ಲಿದ್ದಲಿನ ಸೂಕ್ಷ್ಮ ರಂಧ್ರಗಳ ಗೋಡೆಗೆ ಅಂಟಿಕೊಳ್ಳುತ್ತದೆ, ಮೊದಲೇ ಅಲ್ಲಿದ್ದ ಮೀಥೇನನ್ನು ಎಬ್ಬಿಸಿ ತಾನು ಕೂರುತ್ತದೆ. ಒತ್ತಡ ಇಳಿದರೆ ಮಾತ್ರ ಹಿಡಿತ ಸಡಿಲ; ಪದರವನ್ನು ಅಗೆದರೆ ಒತ್ತಡ ಇಳಿಯುತ್ತದೆ. ಆದ್ದರಿಂದ ಮುಂದೆಂದೂ ಯಾರೂ ಅಗೆಯದ ಪದರವನ್ನೇ ಆರಿಸಬೇಕು, ಇದರಲ್ಲಿ ರಾಜಿ ಬೇಡ.

ನನ್ನನ್ನು ಕಾಡುವ ತೊಡಕು ಬೇರೆ. ಈ ಅನಿಲ ಹೀರಿದ ಕಲ್ಲಿದ್ದಲು ಉಬ್ಬುತ್ತದೆ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಬಿಗಿದುಕೊಳ್ಳುತ್ತದಲ್ಲ, ಹಾಗೆಯೇ ಬಿರುಕುಗಳು ಮುಚ್ಚಿ ಅನಿಲ ಒಳಹೋಗುವ ದಾರಿ ಕಟ್ಟಿಕೊಳ್ಳುತ್ತದೆ. ಪೋಲೆಂಡಿನ ಸೈಲೀಷಿಯಾದಲ್ಲಿ ಈ ಅನಿಲವನ್ನು ಕಲ್ಲಿದ್ದಲು ಪದರಕ್ಕೆ ತುಂಬಿ ನೋಡಿದ ರೆಕೊಪೋಲ್ ಪ್ರಯೋಗದಲ್ಲಿ ಹೀಗೇ ಆಯಿತು. 2005ರಲ್ಲಿ ಪದರವನ್ನು ಒತ್ತಡದಿಂದ ಸೀಳಿದ ಮೇಲಷ್ಟೇ ಅನಿಲ ಎಡೆಬಿಡದೆ ಒಳಹೋಯಿತು. ಒಟ್ಟು ತುಂಬಿದ್ದು ಸುಮಾರು 760 ಟನ್ ಮಾತ್ರ.