ನಾರುಹುಣ್ಣು ಮತ್ತು ಮೆಟ್ಟಿಲು ಬಾವಿ

ಪ್ರಶ್ನೆ: ನೂರು ವರ್ಷದ ಹಿಂದೆ ನಮ್ಮ ಕಡೆ ನಾರುಹುಣ್ಣಾದರೆ ಕಾಲಿನ ಹುಳವನ್ನು ಕಡ್ಡಿಗೆ ಸುತ್ತಿ ತೆಗೆಯುತ್ತಿದ್ದರಂತೆ. ಒಂದೇ ಸಲ ಎಳೆಯಬಾರದಿತ್ತೇ? ನೀರಿನಿಂದ ಬರುತ್ತದೆಂದು ಜನಕ್ಕೆ ಹೊಳೆಯಲಿಲ್ಲವೇ?
– ಓದುಗರು, ಜಗಳೂರು

ಉತ್ತರ: ಹೊಳೆಯುವುದು ಸುಲಭವಿರಲಿಲ್ಲ. ಈ ಬೇಸಿಗೆಯಲ್ಲಿ ಕುಡಿದ ನೀರಿನ ಹುಳ ಕಾಲಲ್ಲಿ ಮೂಡುವುದು ಹೆಚ್ಚುಕಡಿಮೆ ಮುಂದಿನ ಬೇಸಿಗೆಗೆ. ಯಾವ ಬಾವಿ, ಯಾವ ದಿನ ಎಂದು ಯಾರಿಗೆ ನೆನಪಿರುತ್ತದೆ?

ಕೆಡುಕಿನ ಮೂಲ ಮೆಟ್ಟಿಲು ಬಾವಿ. ಹುಣ್ಣಿನ ಬೊಬ್ಬೆ ಬೆಂಕಿಯಂತೆ ಉರಿಯುತ್ತದೆ. ನೀರಿಗಿಳಿದು ಕಾಲು ಅದ್ದಿದರೆ ಹಾಯೆನಿಸುತ್ತದೆ. ಅದೇ ಗಳಿಗೆಗೆ ಹೆಣ್ಣುಹುಳ ಲಕ್ಷಾಂತರ ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಎಂಬ, ಬಿಳಿ ಚುಕ್ಕಿಯಷ್ಟೇ ಇರುವ ನೀರುಹುಳ ಅವನ್ನು ನುಂಗುತ್ತದೆ. ಸುಮಾರು 2 ವಾರದಲ್ಲಿ ಮರಿ ಬಲಿಯುತ್ತದೆ. ಆಮೇಲೆ ಆ ನೀರು ಕುಡಿದವರಿಗೆ ರೋಗ. ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ಇವೆಲ್ಲ ಒತ್ತಟ್ಟಿಗೆ ಸೇರುತ್ತಿದ್ದವು. ಒಮ್ಮೆ ಬಂದವರಿಗೆ ಮತ್ತೆ ಬರದೆಂಬ ಭರವಸೆಯೂ ಇರಲಿಲ್ಲ.

ಇನ್ನು ಕಡ್ಡಿಯ ಮಾತು. ಹುಳ ಶಾವಿಗೆ ಎಳೆಯಷ್ಟು ದಪ್ಪ, ಉದ್ದ ಮಾತ್ರ 1 ಮೀಟರ್‌ವರೆಗೆ. ರಭಸದಿಂದ ಎಳೆದರೆ ತುಂಡಾಗುತ್ತದೆ. ಒಳಗುಳಿದ ತುಂಡಿನ ರಸ ಮಾಂಸಕ್ಕೆ ಸೋರಿ ಕಾಲು ಊದಿ ಕೀವಾಗುತ್ತದೆ, ಧನುರ್ವಾಯುವಿನ ಭಯವೂ ಉಂಟು. ಕೀಲಿನ ಹತ್ತಿರವಾದರೆ ಮಂಡಿ ಮಡಚಲಾಗದೆ ಉಳಿದುಬಿಡಬಹುದು. ಅದಕ್ಕೇ ಹುಣ್ಣನ್ನು ನೀರಲ್ಲಿ ನೆನೆಸಿ, ಹೊರಬಂದ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಅಂಗುಲ ಮಾತ್ರ ಬಿಡಿಸುವುದು. ಬಿಗಿಯಾಯಿತೆಂದರೆ ಕೈ ನಿಲ್ಲಿಸಬೇಕು. ಕಡ್ಡಿಯನ್ನು ಕಾಲಿಗೇ ಕಟ್ಟಿ ಬಟ್ಟೆ ಸುತ್ತುವುದು. ಮುಗಿಯಲು ವಾರಗಳೇ ಬೇಕು. ಅಷ್ಟು ದಿನ ಹೊಲದ ಕೆಲಸ ನಿಂತಂತೆಯೇ. ಹುಳ ಕೊಲ್ಲುವ ಮದ್ದು ಇಂದಿಗೂ ಇಲ್ಲ, ಹಾಗಾಗಿ ಹಿರಿಯರ ಕೈಚಳಕವನ್ನು ಮೂಢತನವೆನ್ನಬೇಡಿ. ನೆನೆಸಿದ ನೀರನ್ನು ಮಾತ್ರ ಬಾವಿಯಿಂದ ದೂರ, ಒಣ ನೆಲಕ್ಕೇ ಚೆಲ್ಲಬೇಕಿತ್ತು.

ಪ್ರಶ್ನೆ: ಸೀರೆ ಬಟ್ಟೆಯಲ್ಲಿ ಸೋಸಿದ್ದರೆ ಸಾಕಿತ್ತೇ?
– ಓದುಗರು, ಹಿರಿಯೂರು

ಉತ್ತರ: ಒತ್ತು ನೇಯ್ಗೆಯ ಹತ್ತಿ ಬಟ್ಟೆಯನ್ನು ಮಡಚಿ ಸೋಸಿದರೆ ಸೈಕ್ಲಾಪ್ಸ್ ಮೇಲೆಯೇ ಉಳಿಯುತ್ತದೆ. ಕುದಿಸಿದರಂತೂ ಸಾಯುತ್ತದೆ. ಆದರೆ ಹೊಲದಲ್ಲಿ ಬಾಯಾರಿದವರು ಮೆಟ್ಟಿಲಿಳಿದು ಬೊಗಸೆಯಲ್ಲೇ ಕುಡಿಯುತ್ತಿದ್ದರು. ಮೈಸೂರು ಸಂಸ್ಥಾನದ ಡಾ. ವಿ. ಎನ್. ಮೂರ್ತಿ 1930ರ ದಶಕದಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲೇ ಈ ರೋಗವನ್ನು ಅಭ್ಯಾಸ ಮಾಡಿದರು. ಸೈಕ್ಲಾಪ್ಸ್ ತಿನ್ನುವ ಮೀನನ್ನು ಬಾವಿಗೆ ಬಿಡುವ ಉಪಾಯವನ್ನೂ ಪರೀಕ್ಷಿಸಿದರು. ಗಟ್ಟಿ ಪರಿಹಾರವೆಂದರೆ ಮೆಟ್ಟಿಲು ಮುಚ್ಚಿ, ಕಟ್ಟೆ ಕಟ್ಟಿ, ಹಗ್ಗ ಕೊಡದಿಂದ ಸೇದುವ ಬಾವಿ. ಆಗ ಕಾಲು ನೀರಿಗೆ ತಾಗುವುದೇ ಇಲ್ಲ. ಭಾರತದ ಕೊನೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ನಾರುಹುಣ್ಣು ಮುಕ್ತವೆಂದು ಸಾರಿತು.