ಬಂಪರ್ ತಳ ಉಜ್ಜುತ್ತಿದೆಯೇ?

ಪ್ರಶ್ನೆ: ನನ್ನ ಸ್ಪೋರ್ಟ್ಸ್ ಕಾರಿನ ಮುಂದಿನ ಬಂಪರ್ ತಳ ರ‍್ಯಾಂಪ್ ಹತ್ತುವಾಗೆಲ್ಲ ಉಜ್ಜುತ್ತದೆ. ಪಿಪಿಎಫ್ (ಬಣ್ಣ ಕಾಯುವ ಪಾರದರ್ಶಕ ಫಿಲ್ಮ್) ಹಾಕಿಸಿದರೆ ಸಾಕೇ?

ಉತ್ತರ: ಸಾಲದು. ಸುಮಾರು 0.2 ಮಿ.ಮೀ. ದಪ್ಪದ ಆ ಫಿಲ್ಮ್ ಹಾರಿಬರುವ ಕಲ್ಲುಚೂರಿಗೆ ಸರಿ. ಕಾಂಕ್ರೀಟಿಗೆ ಉಜ್ಜಿದರೆ ಹರಿದೇಹೋಗುತ್ತದೆ. ತಳಕ್ಕೆ ಪ್ಲಾಸ್ಟಿಕ್ ಸ್ಕಿಡ್ ಪ್ಲೇಟ್ (ಬಂಪರ್ ಬದಲು ತಾನು ಉಜ್ಜಿಸಿಕೊಳ್ಳುವ ಹಲಗೆ) ಹಾಕಿಸಿ, ಸವೆದಾಗ ಬದಲಿಸಿ. ಸ್ಕ್ರೂಗಳ ತಲೆ ಪ್ಲೇಟಿನೊಳಗೆ ಹುದುಗಿರಲೇಬೇಕು. ಹೊರಗೆ ಚಾಚಿಕೊಂಡಿದ್ದರೆ ತಲೆಯೇ ಸವೆದು, ಆಮೇಲೆ ಬಿಚ್ಚಲು ಡ್ರಿಲ್ಲೇ ಗತಿ. ಅಂಟಿಸುವ ರಬ್ಬರ್ ಪಟ್ಟಿಯಾದರೆ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಜಿಡ್ಡು ಒರೆಸಿ. ಅಂಟಿಸಿದ ಮೇಲೆ 24 ಗಂಟೆ ಕಾರು ತೊಳೆಯಬೇಡಿ. ಒರೆಸುವಾಗ ಪಾಲಿಶ್‌ನ ವ್ಯಾಕ್ಸ್ ಉಳಿದ ಕಡೆಯೇ ಪಟ್ಟಿ ಮೊದಲು ಏಳುವುದು.

ಎಲ್ಲಕ್ಕಿಂತ ಹೆಚ್ಚು ಉಳಿಸುವುದು ಓಡಿಸುವ ರೀತಿ. ರ‍್ಯಾಂಪಿಗೆ ಓರೆಯಾಗಿ ಹೋಗಿ, ಒಂದು ಚಕ್ರ ಮೊದಲು ಹತ್ತಲಿ. ಬ್ರೇಕ್ ಒತ್ತಿದರೆ ಮೂತಿ ತಗ್ಗುತ್ತದೆ. ಹಾಗಾಗಿ ಮೊದಲೇ ನಿಧಾನಿಸಿ, ಇಳಿಜಾರಿನ ಬುಡದಲ್ಲಿ ಬಲವಾಗಿ ಒತ್ತಬೇಡಿ.