ಪಂಪ್ ನಿಂತರೂ ನೀರು ನಿಲ್ಲುತ್ತಿಲ್ಲ, ಏಕೆ?

ಪ್ರಶ್ನೆ: ನನ್ನದು ಕಡಲ ಮೀನುಗಳ ಅಕ್ವೇರಿಯಂ. ಮೇಲಿನ ಗಾಜಿನ ತೊಟ್ಟಿ, ಕೆಳಗಿನ ಫಿಲ್ಟರ್ ತೊಟ್ಟಿ ಎರಡೂ ಸೇರಿ ಸುಮಾರು 200 ಲೀಟರ್ ನೀರಿದೆ. ದಿನಕ್ಕೆ 2 ಲೀಟರಿನಷ್ಟು ಆವಿಯಾಗುವುದರಿಂದ, ಅದನ್ನು ತಾನಾಗಿ ಭರ್ತಿ ಮಾಡಲು ಪಕ್ಕದಲ್ಲಿ 30 ಲೀಟರಿನ ಕ್ಯಾನ್ ಇಟ್ಟು, ಅದರ ತಳಕ್ಕೆ ಸಣ್ಣ ಪಂಪ್ ಇಳಿಬಿಟ್ಟು, ಫಿಲ್ಟರ್ ತೊಟ್ಟಿಯಲ್ಲಿ ಫ್ಲೋಟ್ ಸ್ವಿಚ್ (ನೀರಿನೊಂದಿಗೆ ಏರಿಳಿಯುವ ಬೆಂಡಿನಿಂದ, ಮಟ್ಟ ಇಳಿದಾಗ ಪಂಪನ್ನು ಓಡಿಸಿ ಏರಿದಾಗ ನಿಲ್ಲಿಸುವ ಸ್ವಿಚ್) ಅಳವಡಿಸಿದ್ದೇನೆ. ಕಳೆದ ತಿಂಗಳು ತುಂಬಲು ಸುಲಭವಾಗಲೆಂದು ಕ್ಯಾನನ್ನು ಸ್ಟೂಲಿನ ಮೇಲಿಟ್ಟೆ; ನೀರು ಬೀಳುವ ಸದ್ದು ತಪ್ಪಲೆಂದು ಪೈಪಿನ ತುದಿಯನ್ನು ಫಿಲ್ಟರ್ ತೊಟ್ಟಿಯ ನೀರಿನಲ್ಲಿ ಮುಳುಗಿಸಿದೆ. ಆಮೇಲೆ, ಕ್ಯಾನನ್ನು ಪೂರ್ತಿ ತುಂಬಿದ ಎರಡು ಸಲವೂ ಬೆಳಗಾಗುವಷ್ಟರಲ್ಲಿ ಅರ್ಧದಷ್ಟು ನೀರು ಹರಿದುಹೋಗಿತ್ತು. ಪಂಪ್ ಓಡುತ್ತಿರಲಿಲ್ಲ. ಫ್ಲೋಟ್ ಸ್ವಿಚ್ ಬದಲಿಸಿದೆ, ಪರಿಚಿತರೊಬ್ಬರ ಮಾತಿನಂತೆ ನಾನ್ ರಿಟರ್ನ್ ವಾಲ್ವ್ ಕೂಡ ಹಾಕಿದೆ, ಪ್ರಯೋಜನವಾಗಲಿಲ್ಲ. ಈಗ ಫಿಲ್ಟರ್ ತೊಟ್ಟಿಯ ನೀರು ಅಂಚಿನವರೆಗೆ ಬಂದಿದೆ, ಚೆಲ್ಲಿಲ್ಲ. ಉಪ್ಪಿನಂಶ ಮಾತ್ರ ಸಾವಿರಕ್ಕೆ 35ರಿಂದ 32ರ ಆಸುಪಾಸಿಗೆ ಇಳಿದಿದೆ. ಉಪ್ಪು ಸೇರಿಸಲೇ?

ಉತ್ತರ: ದಯವಿಟ್ಟು ಉಪ್ಪು ಸೇರಿಸಬೇಡಿ, ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ಉತ್ತರದ ಸುಳಿವು ಆಗಲೇ ಇದೆ: ಎರಡೂ ಸಲ ಕ್ಯಾನಿನ ನೀರು ಅರ್ಧಕ್ಕೆ ಬಂದು ನಿಂತಿದೆ. ಸ್ವಿಚ್ ಕೆಟ್ಟು ಪಂಪ್ ಓಡುತ್ತಲೇ ಇದ್ದಿದ್ದರೆ ಕ್ಯಾನ್ ತಳ ಕಾಣುವವರೆಗೆ ಬರಿದಾಗಬೇಕಿತ್ತು. ನಡುವೆ ನಿಂತಿದೆಯೆಂದರೆ, ಕ್ಯಾನಿನ ನೀರಿನ ಮಟ್ಟವೂ ಫಿಲ್ಟರ್ ತೊಟ್ಟಿಯ ನೀರಿನ ಮಟ್ಟವೂ ಅಲ್ಲಿ ಸಮನಾಗಿವೆ. ಇದು ಸೈಫನ್ನಿನ ಕೆಲಸ. ಪಂಪ್ ಒಮ್ಮೆ ನೀರನ್ನು ಪೈಪಿನ ತುಂಬ ಎಳೆದುಕೊಟ್ಟ ಮೇಲೆ, ಅದು ನಿಂತರೂ ಎತ್ತರದ ಕ್ಯಾನಿನಿಂದ ತಗ್ಗಿನ ತೊಟ್ಟಿಗೆ ನೀರು ತನ್ನಷ್ಟಕ್ಕೆ ಹರಿಯುತ್ತಿರುತ್ತದೆ. ನಿಂತ ಪಂಪಿನ ಚಕ್ರ ನೀರನ್ನು ತಡೆಯುವುದಿಲ್ಲ. ನಾನ್ ರಿಟರ್ನ್ ವಾಲ್ವ್ ಹಿಂದಕ್ಕೆ ಬರುವ ನೀರನ್ನಷ್ಟೇ ತಡೆಯುತ್ತದೆ. ಇಲ್ಲಿ ನೀರು ಹೋಗಬೇಕಾದ ದಿಕ್ಕಿನಲ್ಲಿಯೇ ಹೋಗುತ್ತಿರುವುದರಿಂದ ಅದು ತೆರೆದೇ ಇರುತ್ತದೆ.

ಖಚಿತಪಡಿಸಿಕೊಳ್ಳಲು, ಕ್ಯಾನ್ ತುಂಬಿಸಿ, ಪೈಪಿನ ತುದಿಯನ್ನು ಫಿಲ್ಟರ್ ತೊಟ್ಟಿಯಷ್ಟೇ ಎತ್ತರದಲ್ಲಿ ಒಂದು ಬಕೆಟ್ಟಿಗೆ ಹಿಡಿದು, ಪಂಪನ್ನು ಅರ್ಧ ನಿಮಿಷ ಓಡಿಸಿ ಪ್ಲಗ್ ಕಿತ್ತುಬಿಡಿ. ಕ್ಷಣ ಹೊತ್ತು ಧಾರೆ ಸಣ್ಣಗಾಗುತ್ತದೆ, ಆದರೆ ಕಡಿಯುವುದಿಲ್ಲ. ಹಾಗೆ ಸುರಿಯುತ್ತಲೇ ಇದ್ದರೆ ಅನುಮಾನ ಬೇಡ.

ಪರಿಹಾರಕ್ಕೆ ಹೊಸದೇನನ್ನೂ ಕೊಳ್ಳಬೇಕಿಲ್ಲ. ಪೈಪಿನ ತುದಿ ನೀರಿನಿಂದ ಹೊರಗಿರಬೇಕು; ಅಷ್ಟೇ ಅಲ್ಲ, ಕ್ಯಾನ್ ತುಂಬಿದಾಗ ಅದರ ನೀರು ಎಷ್ಟು ಎತ್ತರಕ್ಕೆ ಬರುತ್ತದೆಯೋ ಅದಕ್ಕಿಂತಲೂ ಮೇಲಿರಬೇಕು. ಕ್ಯಾನನ್ನು ಮತ್ತೆ ನೆಲಕ್ಕಿಳಿಸುವುದೇ ಎಲ್ಲಕ್ಕಿಂತ ಒಳ್ಳೆಯದು. ಸ್ಟೂಲ್ ಬೇಕೇ ಬೇಕೆಂದಾದರೆ, ಕ್ಯಾನಿನ ಬಾಯಿಯ ಒಳಭಾಗದಲ್ಲಿ, ತುಂಬಿದ ನೀರಿನ ಮಟ್ಟಕ್ಕಿಂತ ಮೇಲೆ, ಪೈಪಿಗೆ 2–3 ಮಿಲಿಮೀಟರ್ ಅಗಲದ ಒಂದು ತೂತು ಕೊರೆಯಿರಿ. ಪಂಪ್ ಓಡುವಾಗ ಅಲ್ಲಿಂದ ಚಿಮ್ಮುವ ನೀರು ಕ್ಯಾನಿಗೇ ಬೀಳುತ್ತದೆ, ನಿಂತೊಡನೆ ಅದೇ ತೂತಿನಿಂದ ಗಾಳಿ ನುಗ್ಗಿ ಸೈಫನ್ ಕಡಿಯುತ್ತದೆ. ನೀರು ಬೀಳುವ ಸದ್ದು ಕಿರಿಕಿರಿಯೆನ್ನಿಸಿದರೆ, ತುದಿಯನ್ನು ತೊಟ್ಟಿಯ ಒಳಗೋಡೆಗೆ ತಾಗಿಸಿಡಿ. ನೀರು ಗಾಜಿಗುಂಟ ಮೆಲ್ಲನೆ ಇಳಿಯುತ್ತದೆ.

ಇನ್ನು ಉಪ್ಪಿನ ಮಾತು. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಹಾಗೆಯೇ ನಿಮ್ಮಲ್ಲಿ ಒಂದು ಹನಿಯೂ ಹೊರಗೆ ಚೆಲ್ಲದಿರುವುದರಿಂದ, ಉಪ್ಪೆಲ್ಲವೂ ತೊಟ್ಟಿಯಲ್ಲೇ ಇದೆ, ಹೆಚ್ಚಿನ ನೀರಿನಲ್ಲಿ ತೆಳುವಾಗಿದೆ ಅಷ್ಟೆ. 200 ಲೀಟರಿಗೆ 15–16 ಲೀಟರ್ ಸಿಹಿನೀರು ಬೆರೆತರೆ 35 ಇದ್ದದ್ದು ಲೆಕ್ಕದ ಪ್ರಕಾರವೇ 32.5ರ ಹತ್ತಿರ ಬರುತ್ತದೆ. ನೀರು ಭರ್ತಿಮಾಡುವ ಸಾಧನವನ್ನು ಆಫ್ ಮಾಡಿಡಿ. ದಿನಕ್ಕೆ 2 ಲೀಟರಿನಂತೆ ಆವಿಯಾಗಿ, ಸುಮಾರು ಎಂಟು ದಿನಗಳಲ್ಲಿ ಮಟ್ಟವೂ ಉಪ್ಪಿನಂಶವೂ ತಾವಾಗಿ ಹಳೆಯ ಸ್ಥಿತಿಗೆ ಬರುತ್ತವೆ, ಮೀನುಗಳಿಗೂ ಹವಳಗಳಿಗೂ ಈ ನಿಧಾನವೇ ಹಿತ. ಒಣ ಉಪ್ಪನ್ನು ನೇರವಾಗಿ ಸುರಿದರೆ ಅದು ಕರಗುವ ಮುನ್ನ ತಾಗಿದ ಜೀವಿಗಳನ್ನು ಸುಡುತ್ತದೆ, ನೀರು ಇಳಿದ ಮೇಲೆ ಉಪ್ಪಿನಂಶ 35ನ್ನು ಮೀರುತ್ತದೆ. ಒಂದು ಎಚ್ಚರಿಕೆ: ಕರೆಂಟು ಹೋದರೆ ಮೇಲಿನ ತೊಟ್ಟಿಯ ಸ್ವಲ್ಪ ನೀರು ಕೆಳಗಿಳಿಯುತ್ತದೆ, ಅಂಚಿನವರೆಗೆ ತುಂಬಿರುವ ಫಿಲ್ಟರ್ ತೊಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಆದ್ದರಿಂದ ಇಂದೇ ಹತ್ತು ಲೀಟರನ್ನು ಶುದ್ಧವಾದ ಬಕೆಟ್ಟಿಗೆ ತೆಗೆದು ಮುಚ್ಚಿಡಿ; ಮಟ್ಟ ಇಳಿದಂತೆ ಅದನ್ನೇ ಹಿಂದಕ್ಕೆ ಹಾಕಿ.

ನೀವು ತೆಗೆದಿರಿಸಿದ ಹಳೆಯ ಸ್ವಿಚ್ ಬಹುಶಃ ನಿರಪರಾಧಿ. ಅದರ ಕಡ್ಡಿಯ ಮೇಲೆ ಬಿಳಿಯ ಹರಳು ಕಟ್ಟಿದ್ದರೆ ಅರ್ಧ ಗಂಟೆ ವಿನಿಗರ್‌ನಲ್ಲಿ ನೆನೆಸಿ, ತೊಳೆದು, ಬೆಂಡು ಸರಾಗವಾಗಿ ಮೇಲೆ ಕೆಳಗೆ ಜಾರುವುದೇ ನೋಡಿ, ಮೊದಲನೆಯದಕ್ಕಿಂತ 3 ಸೆಂಟಿಮೀಟರ್ ಮೇಲೆ ಎರಡನೆಯದಾಗಿ ಸರಣಿಯಲ್ಲಿ (ಎರಡೂ ಸ್ವಿಚ್ ಒಪ್ಪಿದರಷ್ಟೇ ಪಂಪ್ ಓಡುವಂತೆ) ಜೋಡಿಸಿ. ಒಂದರ ಮೇಲೆ ಬಸವನಹುಳು ಕುಳಿತು ಬೆಂಡನ್ನು ಒತ್ತಿ ಹಿಡಿದರೂ (ಇದು ಬಹಳ ಸಾಮಾನ್ಯ) ಇನ್ನೊಂದು ಪಂಪನ್ನು ನಿಲ್ಲಿಸುತ್ತದೆ. ಕ್ಯಾನನ್ನೂ 30 ಲೀಟರಿನದರ ಬದಲು 10 ಲೀಟರಿನದಕ್ಕೆ ಇಳಿಸಿ. ಐದು ದಿನಕ್ಕೊಮ್ಮೆ ತುಂಬುವ ಕೆಲಸ ಬರುತ್ತದೆ ನಿಜ, ಆದರೆ ಎಲ್ಲವೂ ಒಟ್ಟಿಗೆ ಕೈಕೊಟ್ಟ ರಾತ್ರಿಯೂ ಉಪ್ಪಿನಂಶ 33ಕ್ಕಿಂತ ಕೆಳಗಿಳಿಯುವುದಿಲ್ಲ.